ಬುಲೆಟ್ ರೈಲು ಬಂದರೆ ಕುಮಟಾದಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕು, ಅಘನಾಶಿನಿ ಹೊಳೆ ದಂಡೆಯ ಊರು. 28 ಗುಂಟೆ ಗದ್ದೆ, ಹಿತ್ತಲಲ್ಲಿ ತೆಂಗು. ಈಗಿನ ರೈಲು ಹಾದಿ ಮನೆಯಿಂದ ಕೂಗಳತೆ ದೂರ. ಮುಂಬಯಿಯಿಂದ ಮಂಗಳೂರಿಗೆ ಕರಾವಳಿಯಲ್ಲೂ ಬುಲೆಟ್ ರೈಲು ಬರುತ್ತದೆ ಎಂದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಮುಂಬಯಿಯಲ್ಲಿರುವ ಭಾವ 'ಬಂದರೆ ಊರು ಉದ್ಧಾರ' ಎನ್ನುತ್ತಾರೆ. ಆಯಿ 'ಇನ್ನೊಂದು ಸಲ ಜಾಗ ಕೊಡೋದಿಲ್ಲ' ಎನ್ನುತ್ತಾರೆ. ನಮ್ಮಂಥವರಿಗೆ ಇದರಿಂದ ಲಾಭ ಜಾಸ್ತಿಯೋ, ನಷ್ಟ ಜಾಸ್ತಿಯೋ? ಮನೆ ಮೇಲೆ ಒಂದು ಮಹಡಿ ಕಟ್ಟಬೇಕೆಂದಿದ್ದೇವೆ. ಕಟ್ಟಬಹುದೇ?

ಉತ್ತರ:

ಮೊದಲು ಆ ವಾಟ್ಸಾಪ್ ಸುದ್ದಿ. ದೇಶದಲ್ಲಿ ಕಂಬ ಎದ್ದು ಕೆಲಸ ನಡೆದಿರುವ ಬುಲೆಟ್ ರೈಲು ಹಾದಿ ಒಂದೇ. ಅದು ಮುಂಬಯಿ–ಅಹಮದಾಬಾದ್, 508 ಕಿ.ಮೀ. ಉದ್ದ. 2017ರ ಸೆಪ್ಟೆಂಬರಿನಲ್ಲಿ ಅದಕ್ಕೆ ಶಂಕುಸ್ಥಾಪನೆ ಆಯಿತು. ಕರ್ನಾಟಕದಲ್ಲಿ ಅಧ್ಯಯನಕ್ಕೆ ಎತ್ತಿಕೊಂಡವುಗಳಲ್ಲಿ ಒಂದು ಚೆನ್ನೈ–ಬೆಂಗಳೂರು–ಮೈಸೂರು ಹಾದಿ. ಅದು ಘಟ್ಟದ ಆಚೆ, ನಮ್ಮಿಂದ ಬಹಳ ದೂರ. ನಿಮ್ಮ ಊರಿಗೆ ಯಾರೂ ಗೂಟ ಹೊಡೆಯಲು ಬಂದಿಲ್ಲ ಅಂದರೆ ಗಾಬರಿ ಬೇಡ.

ಆದರೂ ನಿಮ್ಮ ಪ್ರಶ್ನೆ ಸುಮ್ನೆ ಬಿಟ್ಟುಬಿಡುವಂಥದ್ದಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಇರಲಿ, ಕೊಂಕಣ ರೈಲಿನ ಜೋಡಿ ಹಳಿ ಇರಲಿ, ಇನ್ನೊಂದು ಹೆದ್ದಾರಿ ಇರಲಿ, ಯಾವುದು ಬಂದರೂ ಇದೇ ಲೆಕ್ಕ ನಮ್ಮ ಅಂಗಳಕ್ಕೆ ಬರುತ್ತದೆ. ನಾನು ಹೆಚ್ಚಿನ ವಯಸ್ಸನ್ನು ರೈಲು ಹಾದಿಯ ಸರ್ವೆ, ಭೂಸ್ವಾಧೀನದ ಕಡತಗಳ ನಡುವೆ ಕಳೆದವನು. ರೈಲು ಅಂದರೆ ನನಗೆ ಇವತ್ತಿಗೂ ಪ್ರೀತಿ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಭಾವ ಹೇಳುವ 'ಉದ್ಧಾರ' ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ರೈಲು ಎಷ್ಟು ಜೋರು ಓಡುತ್ತದೆ ಎನ್ನುವುದಕ್ಕಿಂತ, ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಕೇಳಬೇಕು.

300 ಕಿ.ಮೀ. ವೇಗದ ರೈಲಿಗೆ ಬ್ರೇಕ್ ಹಾಕಿ ನಿಲ್ಲಲೇ ಮೂರ್ನಾಲ್ಕು ಕಿ.ಮೀ. ಬೇಕು. ಮತ್ತೆ ವೇಗ ಹಿಡಿಯಲು ಅದಕ್ಕೂ ಜಾಸ್ತಿ. ಹತ್ತು ಕಿ.ಮೀ.ಗೊಮ್ಮೆ ನಿಲ್ಲಿಸಿದರೆ ಅಷ್ಟು ಹಣ ಹಾಕಿದ್ದಕ್ಕೆ ಅರ್ಥವೇ ಇಲ್ಲ. ಮುಂಬಯಿ–ಅಹಮದಾಬಾದ್ ಹಾದಿಗೆ ಇರುವುದು 12 ನಿಲ್ದಾಣ. ಸರಾಸರಿ 46 ಕಿ.ಮೀ.ಗೆ ಒಂದು. ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೊಂಕಣ ರೈಲು ನಿಲ್ದಾಣಗಳನ್ನು ಬೆರಳು ಮಡಚಿ ಎಣಿಸಿ: ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳ. ಆ ಹಾದಿಯ ಲೆಕ್ಕ ಹಿಡಿದರೆ ಇಷ್ಟರಲ್ಲಿ ಎರಡೋ ಮೂರೋ ಉಳಿಯಬಹುದು. ನನಗೆ ಅನಿಸುವುದು ಒಂದೇ, ಅದು ಕಾರವಾರ. ಜಿಲ್ಲಾ ಕೇಂದ್ರ, ನೌಕಾನೆಲೆ, ಕೈಗಾ ಎಲ್ಲ ಆ ಕಡೆ ಇದೆ ಅಲ್ವಾ.

ಇದನ್ನು ನಾವು ಈಗಾಗಲೇ ಕಣ್ಣಾರೆ ಕಂಡಿದ್ದೇವೆ. 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ವಂದೇ ಭಾರತ್ ಶುರುವಾಯಿತು. ದಾರಿಯಲ್ಲಿ ಅದಕ್ಕೆ ಕೊಟ್ಟದ್ದು ಎರಡೇ ನಿಲುಗಡೆ, ಉಡುಪಿ ಮತ್ತು ಕಾರವಾರ. ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾದವರು ಅದನ್ನು ಗೇಟಿನ ಹತ್ತಿರ ನಿಂತು ನೋಡಿದರು. ಅದು ಬುಲೆಟ್ ರೈಲಲ್ಲ, ಈಗಿನ ಹಳಿಯ ಮೇಲೇ ಓಡುವ ರೈಲು. ಅದಕ್ಕೇ ಹೀಗಾದರೆ ಬುಲೆಟ್ ರೈಲಿಗೆ ಏನಾದೀತು? ಭಟ್ಕಳದವರು ಆ ರೈಲಿನಲ್ಲಿ ಮುಂಬಯಿಗೆ ಹೋಗಲು ಒಂದೋ ಉತ್ತರಕ್ಕೆ ಕಾರವಾರದವರೆಗೆ, ಇಲ್ಲ ದಕ್ಷಿಣಕ್ಕೆ ಉಡುಪಿಯವರೆಗೆ ಬಸ್ಸಿನಲ್ಲಿ ಹೋಗಬೇಕು. ರೈಲಿನಲ್ಲಿ ಉಳಿದ ಸಮಯದ ಒಂದು ಪಾಲು ಹೆದ್ದಾರಿಯಲ್ಲೇ ಹೋಯಿತು. ಶಿರಸಿಯವರ ಕಥೆ ಇನ್ನೂ ಕಷ್ಟ. ಅವರು ಮೊದಲು ದೇವಿಮನೆ ಘಟ್ಟ ಇಳಿಯಬೇಕು.

ಹೊರದೇಶದಲ್ಲಿ ಇದರ ಎರಡೂ ಮುಖ ಇದೆ. ಫ್ರಾನ್ಸಿನ ಉತ್ತರ ಭಾಗದಲ್ಲಿ ಓತ್ ಪಿಕಾರ್ದಿ ಎಂಬ ನಿಲ್ದಾಣ ಇದೆ. ಎರಡು ಪೇಟೆಗಳಿಗೆ ಸಮಾನ ದೂರ ಇರಲೆಂದು ಎರಡಕ್ಕೂ ಸೇರದ ಬಯಲಿನಲ್ಲಿ ಕಟ್ಟಿದರು. ಸುತ್ತಲೂ ಬೀಟ್‌ರೂಟ್ ಹೊಲ. ಜನ ಅದನ್ನು ಬೀಟ್‌ರೂಟ್ ನಿಲ್ದಾಣ ಎಂದೇ ಕರೆದರು. ಅತ್ತ ಸ್ಪೇನಿನಲ್ಲಿ 1992ರಲ್ಲಿ ಮ್ಯಾಡ್ರಿಡ್–ಸೆವಿಲ್ಯಾ ಹಾದಿ ಶುರುವಾದಾಗ ಸಿಯುದಾದ್ ರಿಯಾಲ್ ಎಂಬ ಸಣ್ಣ ಪಟ್ಟಣಕ್ಕೆ ನಿಲುಗಡೆ ಸಿಕ್ಕಿತು. ಮ್ಯಾಡ್ರಿಡ್ ಒಂದು ಗಂಟೆಯ ಒಳಗೆ ಸಿಗುವಂತಾಯಿತು. ಊರು ಬಿಡದೆ ದಿನಾ ಹೋಗಿ ಕೆಲಸ ಮಾಡಿ ಬರುವವರು ಹುಟ್ಟಿಕೊಂಡರು. ಆ ಊರಿಗೆ ನಿಜಕ್ಕೂ ಲಾಭ ಆಯಿತು. ಅದಕ್ಕೆ ಕಾರಣ ಮೂರು. ನಿಲ್ದಾಣ ಪೇಟೆಗೆ ಹತ್ತಿರ ಇತ್ತು, ದಿನಕ್ಕೆ ಹಲವು ರೈಲು ನಿಲ್ಲುತ್ತಿತ್ತು, ದಿನಾ ಓಡಾಡುವವರಿಗೆ ಬೇರೆಯೇ ರೈಲು, ಬೇರೆಯೇ ದರ ಇತ್ತು. ಇವುಗಳಲ್ಲಿ ಒಂದು ಕೈಕೊಟ್ಟರೂ ಬೀಟ್‌ರೂಟ್ ಹೊಲವೇ ಗತಿ.

ಜಪಾನಿನ ಒಂದು ಸಂಗತಿ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. 1997ರಲ್ಲಿ ನಾಗಾನೊ ಪಟ್ಟಣಕ್ಕೆ ಬುಲೆಟ್ ರೈಲು ಬಂತು. ಪಕ್ಕದಲ್ಲಿದ್ದ ಹಳೆಯ ಹಾದಿಯ ಒಂದು ಭಾಗವನ್ನು ಸ್ಥಳೀಯ ಕಂಪನಿಗೆ ವಹಿಸಿಬಿಟ್ಟರು. ಯೊಕೊಕಾವಾದಿಂದ ಕರುಯಿಜಾವಾವರೆಗಿನ ಘಟ್ಟದ ಭಾಗವನ್ನು ಮುಚ್ಚಿಯೇಬಿಟ್ಟರು. ದೊಡ್ಡ ರೈಲು ಬಂದಾಗ ದುಡ್ಡಿರುವ ಪ್ರಯಾಣಿಕರೆಲ್ಲ ಅದಕ್ಕೆ ಹೋಗುತ್ತಾರೆ. ಸಣ್ಣ ರೈಲು ನಷ್ಟಕ್ಕೆ ಬೀಳುತ್ತದೆ. ನಮ್ಮಲ್ಲಿ ಮಡಗಾಂವ್–ಮಂಗಳೂರು ಲೋಕಲ್ ಇದೆಯಲ್ಲ, ಎಲ್ಲ ಕಡೆ ನಿಲ್ಲುವ ಆ ರೈಲು, ಅದು ಯಾರದ್ದು? ಕಾಲೇಜಿಗೆ ಹೋಗುವ ಮಕ್ಕಳದ್ದು, ಮೀನಿನ ಬುಟ್ಟಿ ಹೊತ್ತವರದ್ದು, ಆಸ್ಪತ್ರೆಗೆ ಹೋಗುವ ಮುದುಕರದ್ದು. ಬುಲೆಟ್ ರೈಲು ಬೇಕು ಅನ್ನುವ ಮೊದಲು ಈ ಲೋಕಲ್ ಉಳಿಯುತ್ತದೆ ಎಂದು ಲಿಖಿತವಾಗಿ ಕೇಳಬೇಕು.

ಈಗ ಜಾಗದ ವಿಷಯ, ನಿಮ್ಮ ಆಯಿಯ ಮಾತು.

ಬುಲೆಟ್ ರೈಲನ್ನು ಬಹುತೇಕ ಕಂಬದ ಮೇಲೆ ಒಯ್ಯುತ್ತಾರೆ. ಹಾದಿಗೆ ಬೇಕಾಗುವ ಅಗಲ 17.5 ಮೀಟರ್. ಕೇಳಿದರೆ ಸಣ್ಣದು. ಒಂದು ಕಿ.ಮೀ.ಗೆ ಸುಮಾರು 4 ಎಕರೆ 13 ಗುಂಟೆ. ನಿಮ್ಮ ಗದ್ದೆಯನ್ನೇ ತೆಗೆದುಕೊಳ್ಳಿ. 28 ಗುಂಟೆ ಚೌಕವಾಗಿದೆ ಎಂದು ಹಿಡಿದರೆ ಒಂದೊಂದು ಬದಿ 53 ಮೀಟರ್. ನಡುವೆ ಹಾದು ಹೋದರೆ 9 ಗುಂಟೆ ಹೋಯಿತು. ಮೂರರಲ್ಲಿ ಒಂದು ಪಾಲು. ಉಳಿದ 19 ಗುಂಟೆ ಎರಡು ತುಂಡು. ಗುಜರಾತಿನ ದೊಡ್ಡ ಹೊಲಗಳಿಗೆ 17.5 ಮೀಟರ್ ಅಂದರೆ ಒಂದು ಅಂಚು. ಗುಂಟೆ ಲೆಕ್ಕದಲ್ಲಿ ಬದುಕುವ ನಮ್ಮ ಕರಾವಳಿಯಲ್ಲಿ ಅದು ಒಂದು ಮನೆಯ ಊಟ.

ಕಾಗದದಲ್ಲಿ ಬರುವ ನಷ್ಟ ಬೇರೆ, ನಿಜವಾಗಿ ಆಗುವ ನಷ್ಟ ಬೇರೆ. ಇದು ನನಗೆ ಅರ್ಥವಾದದ್ದು ಅಂಕೋಲಾ ಕಡೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ. ಬಹಳ ಹಿಂದೆ ಒಂದು ಯೋಜನೆಗೆ ಅವರ ಜಾಗ ಹೋಯಿತು. ಮನೆ ಉಳಿಯಿತು, ಬಾವಿ ಹೋಯಿತು. ಬಾವಿಗೆ ಪರಿಹಾರ ಕೊಟ್ಟರು. ಕಟ್ಟಿದ ಕಲ್ಲಿಗೆ, ತೋಡಿದ ಆಳಕ್ಕೆ ಲೆಕ್ಕ ಹಾಕಿದ್ದರು. ಆ ಬಾವಿಯಿಂದ ನಾಲ್ಕು ಮನೆಯವರು ನೀರು ಸೇದುತ್ತಿದ್ದರು. ಉಳಿದ ಮೂರು ಮನೆಗೆ ಒಂದು ಪೈಸೆಯೂ ಬರಲಿಲ್ಲ, ಏಕೆಂದರೆ ಅವರ ಜಾಗ ಹೋಗಿರಲಿಲ್ಲ. ಚಿಕ್ಕಮ್ಮ ಆಮೇಲೆ ತೋಡಿಸಿದ ಹೊಸ ಬಾವಿಗೆ ಉಪ್ಪುನೀರು ಬಂತು. ಆ ಕಡತವನ್ನು ನಾನು ಓದಿದ್ದೇನೆ. ಅದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ.

2013ರ ಭೂಸ್ವಾಧೀನ ಕಾಯ್ದೆ ಬಂದ ಮೇಲೆ ಪರಿಹಾರ ಎಷ್ಟೋ ಸುಧಾರಿಸಿದೆ, ಇದನ್ನು ಒಪ್ಪಬೇಕು. ಮಾರುಕಟ್ಟೆ ಬೆಲೆಯನ್ನು ಹಳ್ಳಿಗಳಲ್ಲಿ 1ರಿಂದ 2ರವರೆಗಿನ ಅಂಶದಿಂದ ಗುಣಿಸುತ್ತಾರೆ. ಮರ, ಕಟ್ಟಡದ ಬೆಲೆ ಸೇರಿಸುತ್ತಾರೆ. ಬಂದ ಒಟ್ಟು ಮೊತ್ತದಷ್ಟೇ ಇನ್ನೊಂದು ಪಾಲು ಕೊಡುತ್ತಾರೆ. ಆದರೆ ಆ 'ಮಾರುಕಟ್ಟೆ ಬೆಲೆ' ಎಲ್ಲಿಂದ ಬರುತ್ತದೆ? ಸರಕಾರದ ಮಾರ್ಗಸೂಚಿ ದರದಿಂದ ಅಥವಾ ಅಕ್ಕಪಕ್ಕದ ನೋಂದಣಿ ಪತ್ರಗಳಿಂದ. ಸ್ಟಾಂಪ್ ಶುಲ್ಕ ಉಳಿಸಲೆಂದು ನಮ್ಮೂರಿನವರು ವರ್ಷಗಟ್ಟಲೆ ಕಡಿಮೆ ದರ ತೋರಿಸಿ ನೋಂದಣಿ ಮಾಡಿಸುತ್ತಾರೆ. ಪರಿಹಾರದ ದಿನ ಆ ಕಾಗದಗಳೇ ಎದುರು ನಿಲ್ಲುತ್ತವೆ.

ಇನ್ನು ಪಹಣಿ. ಅಜ್ಜನ ಹೆಸರಲ್ಲೇ ಇದೆ, ಪಾಲಾಗಿಲ್ಲ, ಪೋಡಿ (ಅಳತೆ ಮಾಡಿ ಬೇರೆ ನಂಬರ್ ಕೊಡುವುದು) ಆಗಿಲ್ಲ. ಹತ್ತು ಮನೆಯಲ್ಲಿ ಆರರ ಕಥೆ ಇದೇ ಎಂದು ನನ್ನ ಅನುಭವ. ಆಗ ಹಣ ಠೇವಣಿಗೆ ಹೋಗುತ್ತದೆ. ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ರೈಲು ಮಾತ್ರ ಕಾಯುವುದಿಲ್ಲ. ಸೀಬರ್ಡ್ ನೌಕಾನೆಲೆಗೆ ಜಾಗ ಕೊಟ್ಟ ಕಾರವಾರ–ಅಂಕೋಲಾ ನಡುವಿನ ಊರುಗಳವರು ಸರಿಯಾದ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದದ್ದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ಆಯಿಯ ಸಿಟ್ಟು ಅಲ್ಲಿಂದಲೇ ಬಂದಿರಬೇಕು. ಅದನ್ನು ಹಳೇ ಕಾಲದವರ ಹಟ ಎಂದು ತಳ್ಳಬೇಡಿ.

ಪಹಣಿಯೇ ಇಲ್ಲದವರ ಪಾಡು ಇನ್ನೂ ದೊಡ್ಡದು. ನಮ್ಮ ಜಿಲ್ಲೆಯ ಬಹುಪಾಲು ಅರಣ್ಯ. ಅದರೊಳಗೆ ತಲೆಮಾರುಗಳಿಂದ ಮನೆ ಮಾಡಿಕೊಂಡವರು ಸಾವಿರಾರು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 75 ವರ್ಷದ ವಾಸಕ್ಕೆ ದಾಖಲೆ ಕೊಡಬೇಕು. ಹಾಲಕ್ಕಿ ಒಕ್ಕಲಿನ ಒಂದು ಗುಡಿಸಲು 75 ವರ್ಷದ ಕಾಗದ ಎಲ್ಲಿಂದ ತರಬೇಕು? ಶಿರಸಿ, ಸಿದ್ದಾಪುರದ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಇದೆ. ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು ಅವರದ್ದು, ಜಾಗ ಸರಕಾರದ್ದು. ಬೆಟ್ಟ ಹೋದರೆ ತೋಟಕ್ಕೆ ಗೊಬ್ಬರ ಇಲ್ಲ, ಆದರೆ ಕಾಗದದಲ್ಲಿ ಅವರು ಏನನ್ನೂ ಕಳೆದುಕೊಂಡಿಲ್ಲ. ನಿಮ್ಮ ಅಘನಾಶಿನಿಯನ್ನೇ ನೋಡಿ. ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವವರು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು, ಏಡಿ, ಸಿಗಡಿ ಹಿಡಿಯುವವರು. ಹೊಳೆಯ ನೀರಿಗೆ ಸರ್ವೆ ನಂಬರ್ ಇಲ್ಲ. ಸೇತುವೆ ಕಟ್ಟುವಾಗ ಕ್ರೇನ್ ಓಡಾಡಲು ಹೊಳೆಯೊಳಗೆ ಮಣ್ಣು ಸುರಿದು ದಾರಿ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಆ ಮಣ್ಣು ಪೂರ್ತಿ ತೆಗೆಯಬೇಕು. ತೆಗೆಯುವ ಕೆಲಸಕ್ಕೆ ಯಾರಿಗೂ ಅವಸರ ಇರುವುದಿಲ್ಲ. ಉಬ್ಬರ–ಇಳಿತದ ನೀರು ಸರಿಯಾಗಿ ಆಡದೆ ಕೆಸರು ಕೂತರೆ ಬಳಚು ಉಸಿರುಗಟ್ಟಿ ಸಾಯುತ್ತದೆ. ಯಾವುದೇ ಹೊಸ ಹಾದಿಗೆ ನಾನು ಒಂದೇ ಒಂದು ಷರತ್ತು ಹಾಕಬಹುದು ಎಂದರೆ ಇದನ್ನೇ ಹಾಕುತ್ತೇನೆ: ಹೊಳೆಯ ಮಣ್ಣು ತೆಗೆದು ತೋರಿಸುವವರೆಗೆ ಗುತ್ತಿಗೆದಾರನ ಕೊನೆಯ ಬಿಲ್ ಕೊಡಬಾರದು.

ಕಂಬದ ಮೇಲಿನ ಹಾದಿಯ ಒಂದು ಒಳ್ಳೆಯ ಗುಣವನ್ನೂ ಹೇಳಿಬಿಡುತ್ತೇನೆ. ಮಣ್ಣಿನ ಏರಿ ಹಾಕಿದರೆ ಮಳೆಗಾಲದಲ್ಲಿ ನೀರು ಕಟ್ಟುತ್ತದೆ, ದನ ಆಚೆ ಹೋಗಲಾರದು. ಕಂಬದ ಕೆಳಗೆ ನೀರೂ ಹೋಗುತ್ತದೆ, ಜನವೂ ಹೋಗುತ್ತಾರೆ. ಈ ವಿಷಯದಲ್ಲಿ ಅದು ನಮ್ಮ ಎತ್ತರಿಸಿದ ಹೆದ್ದಾರಿಗಿಂತ ಮೇಲು.

ಆದರೆ ಕಂಬ ಗುಡ್ಡದವರೆಗೆ ಮಾತ್ರ. ಬುಲೆಟ್ ರೈಲು ಅಂಕುಡೊಂಕು ಹೋಗಲಾರದು. ಅದರ ತಿರುವಿನ ತ್ರಿಜ್ಯ ಕಿಲೋಮೀಟರುಗಳ ಲೆಕ್ಕದಲ್ಲಿ ಇರಬೇಕು. ಕಾರವಾರದಿಂದ ಅಂಕೋಲಾವರೆಗೆ ಗುಡ್ಡ ಸಮುದ್ರದ ತನಕ ಬಂದು ನಿಂತಿದೆ. ಇರುವ ಚಿಕ್ಕ ಪಟ್ಟಿಯಲ್ಲಿ ಹೆದ್ದಾರಿ, ನೌಕಾನೆಲೆ, ಊರು ಎಲ್ಲ ತುಂಬಿವೆ. ಹಾಗಾಗಿ ಹೊಸ ಹಾದಿ ಗುಡ್ಡದ ಹೊಟ್ಟೆಯಲ್ಲೇ ಹೋಗಬೇಕು, ಸುರಂಗದ ಮೇಲೆ ಸುರಂಗ.

ನಮ್ಮ ಗುಡ್ಡಗಳ ಮೇಲೆ ಚಿರೆಕಲ್ಲು, ಅದರ ಕೆಳಗೆ ಶೇಡಿ ಎಂಬ ಜೇಡಿಮಣ್ಣು. ಒಣಗಿದಾಗ ಕಲ್ಲಿನಂತೆ, ನೆನೆದಾಗ ಸಾಬೂನಿನಂತೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಇದರ ಮೇಲೆ ಬೀಳುತ್ತದೆ. ಗೋವಾದ ಪೆಡ್ನೆ ಸುರಂಗ ಬರೀ ಒಂದೂವರೆ ಕಿ.ಮೀ. ಉದ್ದ. ಅದನ್ನು ಕೊರೆಯಲು ಕೊಂಕಣ ರೈಲಿನವರು ವರ್ಷಗಟ್ಟಲೆ ಹೆಣಗಿದರು. 2024ರ ಜುಲೈನಲ್ಲಿ ಅದರೊಳಗೆ ನೀರು ನುಗ್ಗಿ ರೈಲು ನಿಂತವು. ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಕಡಿದ ಗುಡ್ಡ ಏನು ಮಾಡುತ್ತದೆ ಎಂದು ನಿಮಗೆ ನಾನು ವಿವರಿಸಬೇಕಿಲ್ಲ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿಯ ಬಳಿ ಹಳಿಗೆ ಬಿದ್ದ ಬಂಡೆಗೆ ಸಿಕ್ಕಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ನಮ್ಮ ಜಿಲ್ಲೆಯಿಂದ ಹೊರಟ ರೈಲು ಅದು. ಇಂದಿಗೂ ಕೊಂಕಣ ರೈಲಿಗೆ ಮಳೆಗಾಲದ ವೇಳಾಪಟ್ಟಿ ಬೇರೆ ಇರುವುದು, ವೇಗ ತಗ್ಗಿಸುವುದು ಇದೇ ಕಾರಣಕ್ಕೆ. ಬಹಳಷ್ಟು ದುಡ್ಡು ಸುರಿದರೆ ಬುಲೆಟ್ ರೈಲನ್ನು ಮಳೆಯಲ್ಲೂ ಓಡಿಸಬಹುದು. ಆ ದುಡ್ಡು ಟಿಕೆಟಿನಲ್ಲಿ ಬರುತ್ತದೆ.

ಸುರಂಗದ ಇನ್ನೊಂದು ಪರಿಣಾಮ ನೀರಿಗೆ ಸಂಬಂಧಿಸಿದ್ದು. ಇಟಲಿಯ ಬೊಲೊನ್ಯಾ–ಫ್ಲಾರೆನ್ಸ್ ವೇಗದ ಹಾದಿಗೆ ಮುಜೆಲ್ಲೋ ಎಂಬ ಗುಡ್ಡಸೀಮೆಯಲ್ಲಿ ಉದ್ದುದ್ದ ಸುರಂಗ ಕೊರೆದರು. ಮೇಲಿನ ಹಳ್ಳಿಗಳ ಒರತೆ, ಹಳ್ಳ, ಬಾವಿ ಬತ್ತಿದವು. ವಿಷಯ ಕೋರ್ಟಿಗೆ ಹೋಯಿತು. ಗುಡ್ಡದೊಳಗಿನ ನೀರು ಸುರಂಗಕ್ಕೆ ಇಳಿದು ಹೊರಗೆ ಹರಿದು ಹೋಗುತ್ತದೆ, ಅಷ್ಟೇ ಅದರ ಗುಟ್ಟು. ನಮ್ಮ ಘಟ್ಟದ ಅಡಿಕೆ ತೋಟಗಳು ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರಿನ ಮೇಲೆ ನಿಂತಿವೆ. ಸುರಂಗ ಅಂದರೆ ಮೇಲಿನವರಿಗೆ ತೊಂದರೆ ಇಲ್ಲ ಎಂದು ಯಾರಾದರೂ ಹೇಳಿದರೆ, ಕೆಲಸಕ್ಕೆ ಮೊದಲು ಎಲ್ಲ ಒರತೆಗಳ ನೀರನ್ನು ಒಂದು ವರ್ಷ ಅಳೆದು ದಾಖಲೆ ಇಡಿ ಎಂದು ಕೇಳಿ. ಅಳತೆ ಇಲ್ಲದಿದ್ದರೆ ಆಮೇಲೆ ನಷ್ಟ ಸಾಬೀತು ಮಾಡಲು ಆಗುವುದಿಲ್ಲ.

ಹಾಗಾದರೆ ಲಾಭವೇ ಇಲ್ಲವೇ? ಇದೆ. ಕಟ್ಟುವ ಐದಾರು ವರ್ಷ ಊರಿನಲ್ಲಿ ದುಡ್ಡು ಓಡಾಡುತ್ತದೆ. ಬಾಡಿಗೆ ಮನೆ, ಖಾನಾವಳಿ, ಟಿಪ್ಪರ್, ಜೆಸಿಬಿ. ನುರಿತ ಕೆಲಸಕ್ಕೆ ಹೊರಗಿನವರೇ ಬರುತ್ತಾರೆ, ಕಾವಲು ಮತ್ತು ಕೂಲಿ ನಮ್ಮವರಿಗೆ. ಕೊಂಕಣ ರೈಲಿನಲ್ಲಿ ಜಾಗ ಕೊಟ್ಟವರ ಮನೆಯವರಿಗೆ ನೌಕರಿಯಲ್ಲಿ ಆದ್ಯತೆ ಇತ್ತು, ಅದರಿಂದ ಎಷ್ಟೋ ಮನೆ ಎದ್ದು ನಿಂತವು. ಗೋಕರ್ಣ, ಮುರ್ಡೇಶ್ವರಕ್ಕೆ ಬರುವವರು ಹೆಚ್ಚುತ್ತಾರೆ. ಜಾಗದ ಬೆಲೆ ಏರುತ್ತದೆ. ಆದರೆ ಸುದ್ದಿ ಹಬ್ಬಿದಾಗ ಹೆದರಿ ಮೊದಲು ಮಾರುವವರು ನಮ್ಮವರು. ಏರಿದ ಬೆಲೆ ಸಿಗುವುದು ಕೊಂಡವರಿಗೆ. ಇದನ್ನು ನಾನು ಎರಡು ತಾಲ್ಲೂಕಿನಲ್ಲಿ ನೋಡಿದ್ದೇನೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಲಾಭ ಆಸ್ಪತ್ರೆ. ಹೃದಯ, ಮೆದುಳು, ಅಪಘಾತ, ಯಾವುದಾದರೂ ನಾವು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗೆ ಇಳಿದದ್ದು ಇದಕ್ಕೇ. ಕಾರವಾರದಿಂದ ಮಂಗಳೂರು ಒಂದೂಕಾಲು ಗಂಟೆಯಾದರೆ ಯಾರು ಬೇಡ ಎನ್ನುತ್ತಾರೆ? ಆದರೆ ಹೊನ್ನಾವರದ ರೋಗಿ ಕಾರವಾರಕ್ಕೆ ಹೋಗಿ ರೈಲು ಹತ್ತಿ ದಕ್ಷಿಣಕ್ಕೆ ಹಿಂದಿರುಗುವುದಿಲ್ಲ. ಮತ್ತೆ ಮೊದಲಿನ ಪ್ರಶ್ನೆಗೇ ಬಂದೆವು.

ದುಡ್ಡಿನ ಲೆಕ್ಕವನ್ನೂ ನೋಡಿ. ಮುಂಬಯಿ–ಅಹಮದಾಬಾದ್ ಹಾದಿಗೆ ಆರಂಭದಲ್ಲಿ ಹೇಳಿದ ವೆಚ್ಚ 1,08,000 ಕೋಟಿ ರೂಪಾಯಿ. ಕಿ.ಮೀ.ಗೆ 213 ಕೋಟಿ. ಕಾರವಾರದಿಂದ ಭಟ್ಕಳದ ತನಕದ ಸುಮಾರು 120 ಕಿ.ಮೀ.ಗೆ ಅದೇ ದರ ಹಾಕಿದರೂ 25,000 ಕೋಟಿ ದಾಟುತ್ತದೆ. ಸುರಂಗ ಜಾಸ್ತಿ ಇರುವಲ್ಲಿ ಇನ್ನೂ ಮೇಲೆ. ಕೊಂಕಣ ರೈಲು ಕಟ್ಟಿದ ಸಾಲ ತೀರಿಸಲೆಂದು ಪ್ರಯಾಣಿಕರ ಟಿಕೆಟಿಗೆ ದೂರವನ್ನೇ ಶೇ. 40ರಷ್ಟು ಹೆಚ್ಚಿಸಿ ಲೆಕ್ಕ ಹಾಕುವ ಪದ್ಧತಿ ಇಟ್ಟರು. 100 ಕಿ.ಮೀ. ಹೋದವರು 140 ಕಿ.ಮೀ.ಯ ದರ ಕೊಟ್ಟರು. ಜಾಗ ಕೊಟ್ಟ ಊರಿನವರೂ ಅದನ್ನೇ ಕೊಟ್ಟರು.

ನನ್ನನ್ನು ಕೇಳಿದರೆ ನಮಗೆ ಬೇಕಾದದ್ದು ಈಗಿನ ಹಾದಿಗೆ ಜೋಡಿ ಹಳಿ. 1998ರಲ್ಲಿ ಪೂರ್ತಿಯಾದ ಈ ಹಾದಿಯನ್ನು 160 ಕಿ.ಮೀ. ವೇಗ ತಾಳುವಂತೆ ವಿನ್ಯಾಸ ಮಾಡಿದ್ದರು. 2022ರಲ್ಲಿ ವಿದ್ಯುತ್ ಕೂಡ ಬಂತು. ಆದರೆ ಮಹಾರಾಷ್ಟ್ರದ ರೋಹಾ–ವೀರ್ ನಡುವಿನ ಸಣ್ಣ ಭಾಗ ಬಿಟ್ಟರೆ ಎಲ್ಲ ಒಂಟಿ ಹಳಿ. ಅದಕ್ಕೇ ನಿಮ್ಮ ಲೋಕಲ್ ಮಿರ್ಜಾನದಲ್ಲೋ ಮಂಕಿಯಲ್ಲೋ ಕ್ರಾಸಿಂಗ್‌ಗೆ ಅರ್ಧ ಗಂಟೆ ನಿಲ್ಲುವುದು. ಆ ಅರ್ಧ ಗಂಟೆ ಉಳಿದರೆ, ಬೆಳಿಗ್ಗೆ ಮತ್ತು ಸಂಜೆ ಎಲ್ಲ ಕಡೆ ನಿಲ್ಲುವ ಎರಡು ರೈಲು ಹೆಚ್ಚಿಗೆ ಓಡಿದರೆ, ನಮ್ಮ ಹನ್ನೆರಡೂ ನಿಲ್ದಾಣದವರಿಗೆ ಲಾಭ. ಇದಕ್ಕೂ ಸ್ವಲ್ಪ ಜಾಗ ಹೋಗುತ್ತದೆ, ಆಯಿಗೆ ಇದನ್ನು ಮುಚ್ಚಿಡಬೇಡಿ. ನಿಮ್ಮ ಮನೆ ಹಳಿಗೆ ಹತ್ತಿರ ಇರುವುದರಿಂದ ಬುಲೆಟ್ ರೈಲಿಗಿಂತ ಇದೇ ನಿಮಗೆ ಮೊದಲು ತಟ್ಟಬಹುದು. ಆದರೆ ಹಳಿಯ ಪಕ್ಕದಲ್ಲೇ ಹೋಗುವುದರಿಂದ ಊರನ್ನು ಇನ್ನೊಂದು ಕಡೆ ಹೊಸದಾಗಿ ಸೀಳುವುದಿಲ್ಲ.

ಮಹಡಿ ಕಟ್ಟಿ. ಅಧಿಸೂಚನೆ ಇಲ್ಲದ ಯೋಜನೆಗಾಗಿ ಮನೆ ಕೆಲಸ ನಿಲ್ಲಿಸಬೇಡಿ. ಹಳಿಗೆ ತೀರಾ ಹತ್ತಿರ ಇದ್ದರೆ ರೈಲ್ವೆಯ ನಿರಾಕ್ಷೇಪಣ ಪತ್ರ ಬೇಕೇ ಎಂದು ಪಂಚಾಯತಿಯಲ್ಲಿ ಮೊದಲು ಕೇಳಿಕೊಳ್ಳಿ. ಪರವಾನಗಿ ತೆಗೆದುಕೊಂಡೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಪಹಣಿ ಆಯಿಯ ಹೆಸರಿಗೋ ನಿಮ್ಮ ಹೆಸರಿಗೋ ಆಗಿದೆಯೇ ನೋಡಿ, ಪೋಡಿ ಬಾಕಿ ಇದ್ದರೆ ಈಗಲೇ ಅರ್ಜಿ ಹಾಕಿ. ಮುಂದೊಂದು ದಿನ ಸರ್ವೆಯವರು ಬಂದರೆ ಆದೇಶದ ಪ್ರತಿ ಕೇಳಿ. ರೈಲ್ವೆ ಕಾಯ್ದೆಯಡಿ ಅಧಿಸೂಚನೆ ಹೊರಟರೆ ಆಕ್ಷೇಪಣೆಗೆ 30 ದಿನ ಮಾತ್ರ ಇರುತ್ತದೆ. ಜಂಟಿ ಅಳತೆಯ ದಿನ ಮನೆಯಲ್ಲಿ ಒಬ್ಬರು ಇರಲೇಬೇಕು. ಒಂದೊಂದು ತೆಂಗಿನ ಮರವನ್ನೂ ಬರೆಸಿ, ಬರೆದದ್ದನ್ನು ಓದಿಯೇ ಸಹಿ ಹಾಕಿ. ಮತ್ತೆ ನಿಮ್ಮ ಬಾವಿ ಯಾವ ಸರ್ವೆ ನಂಬರಿನಲ್ಲಿದೆ, ಅದರ ನೀರು ಯಾವ ಯಾವ ಮನೆಯವರು ಬಳಸುತ್ತಾರೆ ಎಂಬುದನ್ನು ಈ ಮಳೆಗಾಲ ಶುರುವಾಗುವ ಮೊದಲೇ ಒಂದು ಕಾಗದದಲ್ಲಿ ಬರೆದು, ಆ ಮನೆಯವರ ಸಹಿ ಹಾಕಿಸಿ ಇಟ್ಟುಕೊಳ್ಳಿ.